ಬಾಗುವ ಗೋಡೆ, ಬಾಗದ ಬಾಗಿಲು

9 ನವೆಂಬರ್

ಅಕ್ಕಾ,

ನಾನು ಬಂದು ತಲುಪಿದೆ. ತಲುಪಿದ ಕೂಡಲೇ ಫೋನ್ ಮಾಡಿದೆ, ಮರುದಿನ ಬೆಳಿಗ್ಗೆಯೂ ಮಾಡಿದೆ. ನೀನು ಎತ್ತಲಿಲ್ಲ. ಪಕ್ಕದ ಮನೆಯವರಿಗೆ ಮಾಡಿದರೆ, "ಮನೇಲೇ ಇದಾರಮ್ಮ, ಬಟ್ಟೆ ಒಣಗಿ ಹಾಕ್ತಿದ್ರು. ಫೋನ್ ಹೊಡ್ಕೊಳ್ಳೋದು ನಮಗೇ ಕೇಳಿಸ್ತಿತ್ತು" ಎಂದರು. ಹಾಗಾದರೆ ಬೇಕೆಂದೇ ಎತ್ತುತ್ತಿಲ್ಲ. ಎಲ್ಲ ಮುಗಿದ ವಾರದೊಳಗೇ ಹೊರಟುಬಂದೆನೆಂದು ಬೇಸರವಾಗಿರಬೇಕು. ರಜೆ ಇರಲಿಲ್ಲ ಅಕ್ಕ, ನಿಜವಾಗಿಯೂ.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಕೋಣೆಯ ಕಿಟಕಿ ತೆರೆದೇ ಹೋಗಿದ್ದೆ, ಹಾಸಿಗೆಯ ಮೇಲೆಲ್ಲ ರಸ್ತೆಯ ಧೂಳು. ಗುಡಿಸಿ, ಬಟ್ಟೆ ಬದಲಿಸಿ ಆಫೀಸಿಗೆ ಹೋದೆ. ಮನೆಯಲ್ಲಿ ಸಾವು ಎಂದಷ್ಟೇ ಹೇಳಿದ್ದೆ. ಯಾರು, ಹೇಗೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎದುರು ಮೇಜಿನವನ ಬಗ್ಗೆ ಹಿಂದೆ ಹೇಳಿದ್ದೆನಲ್ಲ, ಕೀಬೋರ್ಡಿನ ತುಂಬ ಬಿಸ್ಕತ್ತಿನ ಪುಡಿ ಉದುರಿಸುವವನು. ಅವನು ಒಂದು ಪೊಟ್ಟಣ ಬಿಸ್ಕತ್ತು ತಂದು ನನ್ನ ಮೇಜಿನ ಮೇಲಿಟ್ಟ. ಮಧ್ಯಾಹ್ನದ ಹೊತ್ತಿಗೆ ಅವನೇ ಅದನ್ನು ಮುಗಿಸಿದ.

ನೀನು ಊಟ ಮಾಡುತ್ತಿದ್ದೀಯಾ? ನಿನ್ನ ಅತ್ತೆ ಹೇಗಿದ್ದಾರೆ? ಒಂದು ಸಾಲು ಬರೆದರೂ ಸಾಕು.

ನಿನ್ನ ತಂಗಿ

———

24 ನವೆಂಬರ್

ಕೊಕ್ಕರೇ,

ಕಾಗದ ಬಂತು. ನನಗೆ ನಿನ್ನ ಮೇಲೆ ಬೇಸರವಿಲ್ಲ. ಆದರೆ ಫೋನ್ ಮಾಡಬೇಡ, ಕಾಗದ ಬರಿ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ಅಷ್ಟೇ.

ಊಟ ಮಾಡುತ್ತಿದ್ದೇನೆ. ಅತ್ತೆಗೆ ಹೊತ್ತಿಗೆ ಸರಿಯಾಗಿ ಬಡಿಸಬೇಕಲ್ಲ, ಅವರ ಜೊತೆ ನನ್ನದೂ ಆಗುತ್ತದೆ. ಅವರ ಕಿವಿ ಇನ್ನಷ್ಟು ಮಂದವಾಗಿದೆ. ಮೊನ್ನೆ ಯಾರೋ ಬಂದು ಅವರ ಕೈ ಹಿಡಿದುಕೊಂಡು, "ಸಮಾಧಾನ ತಂದ್ಕೊಳ್ಳಿ" ಅಂದರು. ಅತ್ತೆ, "ಸಾಮಾನೆಲ್ಲ ನಿನ್ನೇನೇ ತಂದಾಯ್ತು" ಅಂದರು. ಬಂದವರಿಗೆ ನಗುವ ಹಾಗೂ ಇಲ್ಲ. ನಾನು ಒಳಗೆ ಹೋಗಿ ನಿಂತೆ. ನಗು ಬರಲಿಲ್ಲ. ಬಂದರೆ ಏನು ಮಾಡುವುದೆಂದು ಹೋಗಿ ನಿಂತಿದ್ದೆ.

ಬಂದರಿನ ಆಫೀಸಿನಿಂದ ಇಬ್ಬರು ಬಂದಿದ್ದರು. ನಿನ್ನ ಭಾವನ ಊಟದ ಡಬ್ಬಿ, ಆಫೀಸಿನ ಕಪಾಟಿನಲ್ಲಿದ್ದ ಒಂದು ಅಂಗಿ, ಟಾರ್ಚು ಕೊಟ್ಟರು. ವಿಚಾರಣೆ ಮುಗಿಯುವವರೆಗೆ ಬಂದರಿನವರು ಕೊಟ್ಟ ಈ ಮನೆಯಲ್ಲೇ ಇರಬಹುದಂತೆ. ಹಿರಿಯವರು ಹೊರಡುವಾಗ, "ಒಂದೇ ಅಲೆ ಅಮ್ಮ. ಅವರಿಗೆ ಗೊತ್ತೇ ಆಗಿರಲ್ಲ" ಅಂದರು. ನಾನು ತಲೆಯಾಡಿಸಿದೆ. ಅವರಿಗೂ ಅದನ್ನು ಹೇಳಿ ಮುಗಿಸಿದ್ದು ಹಗುರವಾದ ಹಾಗೆ ಕಂಡಿತು.

ಕಡಲೊಳಗೆ ಚಾಚಿದ ಆ ಕಲ್ಲುಗೋಡೆಯ ತುದಿಯಲ್ಲಿ ಈಗ ಕ್ಯಾಬಿನ್ ಇಲ್ಲ. ದೋಣಿಗಳಿಗೆ ದಾರಿ ತೋರಿಸುವ ದೀಪವನ್ನು ಸದ್ಯಕ್ಕೆ ಒಂದು ಕಂಬಕ್ಕೆ ಕಟ್ಟಿದ್ದಾರಂತೆ. ನಿನ್ನ ಭಾವ ಹನ್ನೊಂದು ವರ್ಷ ಕೂತು ಮಾಡಿದ ಕೆಲಸವನ್ನು ಒಂದು ಕಂಬ ಮಾಡುತ್ತಿದೆ.

ಅಕ್ಕ

———

6 ಡಿಸೆಂಬರ್

ಅಕ್ಕಾ,

ಹೇಳಬೇಕೋ ಬೇಡವೋ ಎಂದು ಎರಡು ಕಾಗದ ಬರೆದು ಹರಿದೆ. ಭಾವ ಕೂರುತ್ತಿದ್ದ ಕ್ಯಾಬಿನ್ನಿನ ಕಡತ ನಮ್ಮ ಆಫೀಸಿಗೆ ಬಂದಿದೆ. ವಿಚಾರಣೆಯವರು ಕಳಿಸಿದ್ದು. ಇಂಥ ಲೆಕ್ಕ ಮಾಡುವವರು ಸುತ್ತಮುತ್ತ ನಾವು ಬಿಟ್ಟರೆ ಬೇರೆಯವರಿಲ್ಲ. ಮೇಡಂ ಅದನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಇದು ನಿನಗೆ ಸರಿಹೋಗುತ್ತೆ" ಎಂದರು. ಆ ಕ್ಯಾಬಿನ್ನಿನಲ್ಲಿದ್ದವರು ನನಗೆ ಏನಾಗಬೇಕು ಎಂದು ಅವರಿಗೆ ಗೊತ್ತಿಲ್ಲ. ನಾನು ಹೇಳಲಿಲ್ಲ. ಹೇಳಿದರೆ ಕಡತ ಇನ್ನೊಬ್ಬರ ಮೇಜಿಗೆ ಹೋಗುತ್ತದೆ, ಅವರು ಬಿಸ್ಕತ್ತು ತಿನ್ನುತ್ತ ಅದನ್ನು ನೋಡುತ್ತಾರೆ.

ನನ್ನ ಕೆಲಸವನ್ನು ನೀನು ಕಂಪ್ಯೂಟರಿನಲ್ಲಿ ನೀರು ಚೆಲ್ಲುವುದು ಅನ್ನುತ್ತಿದ್ದೆ. ಹೆಚ್ಚುಕಡಿಮೆ ಅಷ್ಟೇ. ಅಲೆಯನ್ನು ಲಕ್ಷಾಂತರ ಹನಿಗಳಾಗಿ ಒಡೆದು, ಪ್ರತಿ ಹನಿಗೂ ನಿನ್ನ ತೂಕ ಇಷ್ಟು, ವೇಗ ಇಷ್ಟು ಎಂದು ಹೇಳಿ ಬಿಡುತ್ತೇವೆ. ಗೋಡೆಯನ್ನು ಬಲೆಯ ಹಾಗೆ ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸುತ್ತೇವೆ. ಕಲ್ಲುಗೋಡೆಯಾದರೆ ಲೆಕ್ಕ ಸುಲಭ, ನೀರು ಬಂದು ಹೊಡೆಯುತ್ತದೆ, ಗೋಡೆ ನಿಂತಲ್ಲೇ ನಿಲ್ಲುತ್ತದೆ. ಆದರೆ ಈ ಕ್ಯಾಬಿನ್ನಿನ ಗೋಡೆಯನ್ನು ಬೇಕೆಂದೇ ಬಾಗುವ ಹಾಗೆ ಮಾಡಿದ್ದಾರೆ. ಜೋರಾಗಿ ಬಂದ ಚೆಂಡನ್ನು ಕೈ ಹಿಂದಕ್ಕೆ ಎಳೆದುಕೊಂಡು ಹಿಡಿದರೆ ಪೆಟ್ಟು ಕಡಿಮೆ ತಾಗುತ್ತದಲ್ಲ, ಹಾಗೆ. ನೀರು ಗೋಡೆಯನ್ನು ಬಾಗಿಸುತ್ತದೆ, ಬಾಗಿದ ಗೋಡೆ ನೀರಿನ ದಾರಿ ತಿರುಗಿಸುತ್ತದೆ, ತಿರುಗಿದ ನೀರು ಮತ್ತೆ ಬೇರೆ ಥರ ಬಾಗಿಸುತ್ತದೆ. ಒಂದು ಪೆಟ್ಟಿಗೆ ಇಂಥ ಸಾವಿರಾರು ಕೊಡುಕೊಳ್ಳುವಿಕೆ. ಒಂದು ಸಲ ಓಡಿಸಿದರೆ ಮುಗಿಯಲು ಇಡೀ ದಿನ ಬೇಕು.

ಕಡತದಲ್ಲಿ ನೀರಿನಿಂದ ಎತ್ತಿದ ಗೋಡೆಯ ಫೋಟೋ ಇವೆ. ನೀನು ನೋಡಬೇಕಾಗಿಲ್ಲ.

ತಂಗಿ

———

20 ಡಿಸೆಂಬರ್

ಕೊಕ್ಕರೇ,

ಎರಡು ಸಲ ಓದಿದೆ. ಚೆಂಡಿನ ಮಾತು ಅರ್ಥವಾಯಿತು.

ಒಂದು ಕೇಳುತ್ತೇನೆ. ನಿನ್ನ ಕಂಪ್ಯೂಟರಿನ ಕ್ಯಾಬಿನ್ನಿನೊಳಗೆ ಅವರು ಇದ್ದಾರಾ? ಇಲ್ಲದಿದ್ದರೆ ಕೂರಿಸಲು ಆಗುತ್ತದಾ? ಕುರ್ಚಿಯನ್ನು ಕಿಟಕಿಗೆ ಓರೆಯಾಗಿ ಹಾಕಿಕೊಳ್ಳುತ್ತಿದ್ದರು, ಬೆನ್ನು ಬಾಗಿಲ ಕಡೆಗೆ. ಎಡಗಾಲು ಮಡಿಚಿಕೊಂಡು ಕೂರುತ್ತಿದ್ದರು, ಬೂಟು ಬಿಚ್ಚಿಟ್ಟು. ತೂಕ ಬೇಕಾದರೆ ಹೇಳುತ್ತೇನೆ, ಹೋದ ವರ್ಷದ ಆರೋಗ್ಯ ತಪಾಸಣೆಯ ಚೀಟಿ ಇದೆ.

ಎಲ್ಲ ಮುಗಿಯಲು ಎಷ್ಟು ಹೊತ್ತು ಹಿಡಿಯಿತು ಎಂದು ತಿಳಿದರೆ ಸಾಕು.

ಅಕ್ಕ

———

11 ಜನವರಿ

ಅಕ್ಕಾ,

ಉತ್ತರ ತಡವಾಯಿತು, ಕೆಲಸ ಹೆಚ್ಚಿತ್ತು.

ನಮ್ಮ ಕ್ಯಾಬಿನ್ನಿನೊಳಗೆ ಯಾರನ್ನೂ ಕೂರಿಸುವುದಿಲ್ಲ. ಒಳಗೆ ಬರೀ ಗಾಳಿ ಎಂದು ಲೆಕ್ಕ. ಕುರ್ಚಿಯೂ ಇಲ್ಲ, ಮೇಜೂ ಇಲ್ಲ. ಆದ್ದರಿಂದ ನೀನು ಕೇಳಿದ್ದು ಆಗುವುದಿಲ್ಲ.

ಲೆಕ್ಕ ಮುಗಿಯುತ್ತ ಬಂದಿದೆ. ನಿಮ್ಮ ಮನೆಗೆ ಬಂದ ಅಧಿಕಾರಿ ಹೇಳಿದ್ದು ಸರಿ. ಒಂದೇ ಅಲೆ, ತೀರ ದೊಡ್ಡದು. ಗೋಡೆ ಒಂದೇ ಪೆಟ್ಟಿಗೆ ಹೋಗಿದೆ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಇಲ್ಲ. ಭಾವನಿಗೆ ಏನೂ ಗೊತ್ತಾಗಿಲ್ಲ.

ಪರದೆಯ ಮೇಲೆ ಅದನ್ನು ಬಹಳ ನಿಧಾನ ಮಾಡಿ ನೋಡುತ್ತೇವೆ. ನೀಲಿ ಬಣ್ಣದ ನೀರು, ಬೂದು ಬಣ್ಣದ ಗೋಡೆ. ಎಲ್ಲಿ ಹೆಚ್ಚು ಒತ್ತಡವೋ ಅಲ್ಲಿ ಕೆಂಪು. ಮೊದಲ ಸಲ ನೋಡುವಾಗ ನನಗೇ ತಿಳಿಯದೆ ಕುರ್ಚಿ ಹಿಂದಕ್ಕೆ ಸರಿಸಿದ್ದೆ. ಈಗ ಚಹಾ ಕುಡಿಯುತ್ತ ನೋಡುತ್ತೇನೆ. ಚಹಾ ಮುಗಿಯುವಷ್ಟರಲ್ಲಿ ಗೋಡೆಯೂ ಮುಗಿದಿರುತ್ತದೆ. ಮತ್ತೆ ಮೊದಲಿನಿಂದ ಹಾಕುತ್ತೇನೆ.

ಚಳಿಗೆ ನಿನ್ನ ಅತ್ತೆಯ ಮಂಡಿನೋವು ಹೇಗಿದೆ?

ತಂಗಿ

———

2 ಫೆಬ್ರವರಿ

ಕೊಕ್ಕರೇ,

ಸರಿ. ಒಂದೇ ಅಲೆ ಎಂದು ನೀನೂ ಹೇಳಿದೆ. ಆಯಿತು.

ಅತ್ತೆಯ ಮಂಡಿ ಹಾಗೇ ಇದೆ. ಬಟ್ಟೆ ಹೊಲಿಯುವ ಅಂಗಡಿಗೆ ಬೆಳಗಿನ ಹೊತ್ತು ಹೋಗುತ್ತಿದ್ದೇನೆ, ಗುಂಡಿ ಹಾಕುವುದು, ಅಂಚು ಮಡಿಸುವುದು. ಅಂಗಡಿಯಾಕೆ ಮಾತು ಕಡಿಮೆ, ಅದೇ ಒಳ್ಳೆಯದಾಯಿತು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಲೇ ಇದೆ, ಕೆಳಗೆ ಪಾತ್ರೆ ಇಟ್ಟಿದ್ದೇನೆ. ಪಾತ್ರೆ ತುಂಬಿದಾಗ ಗಿಡಕ್ಕೆ ಹಾಕುತ್ತೇನೆ.

ನಿಮ್ಮ ಲೆಕ್ಕ ತಪ್ಪುವುದುಂಟಾ? ಸುಮ್ಮನೆ ಕೇಳಿದೆ.

ಅಕ್ಕ

———

15 ಫೆಬ್ರವರಿ

ಅಕ್ಕಾ,

ಸುಮ್ಮನೆ ಕೇಳಿದೆ ಎಂದು ಬರೆದಿದ್ದೀಯ. ನೀನು ಸುಮ್ಮನೆ ಕೇಳುವವಳಲ್ಲ. ನಾನು ಎರಡು ತಿಂಗಳಿಂದ ಬೇರೆ ಯಾವ ಕೆಲಸವನ್ನೂ ಮುಟ್ಟದೆ ಇದನ್ನೇ ಮಾಡುತ್ತಿದ್ದೇನೆ. ನನ್ನ ಮೇಲೆ ನಂಬಿಕೆಯಿಲ್ಲದಿದ್ದರೆ ನೇರವಾಗಿ ಹೇಳು. ಫೋನ್ ಎತ್ತದೆ, ಎರಡೇ ಸಾಲಿನ ಕಾಗದ ಬರೆದು, ಕೊನೆಗೆ ಹೀಗೊಂದು ಮಾತು ಚುಚ್ಚುವುದು ಬೇಡ.

ಎಲ್ಲ ಮುಗಿಯುತ್ತಿದೆ. ವರದಿ ಈ ತಿಂಗಳ ಕೊನೆಗೆ ಹೋಗುತ್ತದೆ, ನಾನು ಸಹಿ ಹಾಕಿದರೆ ಆಯಿತು. ಇಂಥ ಅಲೆ ಬರುವುದು ತೀರ ಅಪರೂಪ, ಹಾಗಾಗಿ ಇದೇ ಮಾದರಿಯ ಉಳಿದ ಕ್ಯಾಬಿನ್ನುಗಳನ್ನು ಬದಲಿಸುವ ಅಗತ್ಯವಿಲ್ಲ ಎಂದು ಕೊನೆಯಲ್ಲಿ ಬರೆದಿದ್ದೇವೆ. ಬೇರೆ ಬಂದರುಗಳಲ್ಲಿ ಇನ್ನೂ ನಾಲ್ಕು ಇವೆಯಂತೆ. ವಿಚಾರಣೆಯವರಿಗೆ ಬೇಕಾದದ್ದೂ ಅದೇ, ಒಂದು ಸ್ಪಷ್ಟ ಉತ್ತರ. ನಿನಗೂ ಮನೆಯ ವಿಷಯ ಬೇಗ ತೀರ್ಮಾನವಾಗುತ್ತದೆ.

ತಂಗಿ

———

24 ಫೆಬ್ರವರಿ

ಕೊಕ್ಕರೇ,

ಆ ನಾಲ್ಕು ಕ್ಯಾಬಿನ್ನುಗಳಲ್ಲಿ ಜನ ಕೂತಿದ್ದಾರಾ ಎಂದು ಕೇಳೋಣ ಎಂದುಕೊಂಡೆ. ಕೇಳುವುದೇನು, ಕೂತೇ ಇರುತ್ತಾರೆ. ಅವರಿಗೂ ಮನೆಯವರು ಇರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಒಂದೇ ಅಲೆ ಅಲ್ಲ. ನನಗೆ ಗೊತ್ತು. ಮೊದಲ ಅಲೆ ಹೊಡೆದ ಮೇಲೆ ಅವರು ನನಗೆ ಫೋನ್ ಮಾಡಿದ್ದರು.

ಮಧ್ಯಾಹ್ನ ಊಟವಾಗಿ ಪಾತ್ರೆ ತೊಳೆಯುತ್ತಿದ್ದೆ. ಕೆಲಸದ ಹೊತ್ತಿನಲ್ಲಿ ಫೋನ್ ಮಾಡುವವರಲ್ಲ. "ಏನ್ ಮಾಡ್ತಿದ್ದೀಯ?" ಅಂದರು. ಪಾತ್ರೆ ಅಂದೆ, ಏನಾಯ್ತು ಅಂದೆ. "ಏನಿಲ್ಲ. ಒಂದು ದೊಡ್ಡ ಅಲೆ ಹೊಡೀತು. ಒಳಗೆಲ್ಲ ನೀರು. ಕಾಲುಚೀಲ ಒದ್ದೆ ಆಯ್ತು" ಅಂದರು. ಬೂಟು ಬಿಚ್ಚಿ ಕೂತರೆ ಹಾಗೇ ಆಗೋದು ಎಂದು ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ನಾನು ನಲ್ಲಿಯ ಮಾತು ತೆಗೆದೆ. ತೊಟ್ಟಿಕ್ಕುತ್ತಿದೆ, ಯಾರನ್ನಾದರೂ ಕರೆಸಿ ಅಂದೆ. ವಾಷರ್ ಹೋಗಿರುತ್ತದೆ, ಅದಕ್ಕೆ ಯಾರೂ ಬೇಡ, ತಾನೇ ನೋಡುತ್ತೇನೆ ಅಂದರು. ತಿಂಗಳಿಂದ ಇದೇ ಮಾತು ಎಂದು ನಾನು ಶುರು ಮಾಡಿದೆ. ನಾನು ಬಿಡಲಿಲ್ಲ, ಅವರೂ ಫೋನ್ ಇಡಲಿಲ್ಲ. ಅತ್ತೆಗೆ ಕೊಡು ಅಂದರು. ಅತ್ತೆಗೆ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ, ಸುಮ್ಮನೆ ಹೂಂ ಹೂಂ ಅಂದು ನನ್ನ ಕೈಗೆ ವಾಪಸು ಕೊಟ್ಟರು. "ಇವತ್ತು ಸ್ವಲ್ಪ ತಡ ಆಗುತ್ತೆ. ಕಾಯ್ಬೇಡ" ಅಂದರು. ಏನೋ ಸದ್ದಾಯಿತು. ಸಿಗ್ನಲ್ ಹೋಯಿತು ಎಂದುಕೊಂಡು ಉಳಿದ ಪಾತ್ರೆ ತೊಳೆದೆ.

ಅಷ್ಟು ದೊಡ್ಡ ಅಲೆ ಹೊಡೆದಿದೆ ಎಂದು ಕೇಳಿಯೂ, ಎದ್ದು ಬನ್ನಿ ಎಂದು ನಾನು ಹೇಳಲಿಲ್ಲ. ನಲ್ಲಿಯ ಮಾತಿನಲ್ಲಿ ಅವರನ್ನು ಅಲ್ಲೇ ಕೂರಿಸಿಕೊಂಡೆ. ನಾನು ಫೋನ್ ಇಟ್ಟಿದ್ದರೆ ಅವರು ಬಾಗಿಲು ತೆಗೆದು ಹೊರಟುಬಿಡುತ್ತಿದ್ದರು. ಅಂದಿನಿಂದ ಫೋನ್ ಹೊಡೆದುಕೊಂಡರೆ ಕೈ ಏಳುವುದಿಲ್ಲ. ನಿನ್ನ ಮೇಲೆ ಸಿಟ್ಟು ಎಂದು ನೀನು ತಿಳಿದೆ. ತಿಳಿದುಕೊಳ್ಳಲಿ ಎಂದು ಬಿಟ್ಟೆ. ಒಂದೇ ಅಲೆ ಎಂದು ಎಲ್ಲರೂ ಹೇಳುವಾಗಲೂ ಸುಮ್ಮನಿದ್ದೆ. ಒಂದೇ ಅಲೆಯಾದರೆ ನಾನು ಎಲ್ಲೂ ಇಲ್ಲವಲ್ಲ.

ಇನ್ನು ನಿನಗೆ ಬಿಟ್ಟಿದ್ದು.

ಅಕ್ಕ

———

3 ಮಾರ್ಚ್

ಅಕ್ಕಾ,

ಬಾಗಿಲು ತೆಗೆಯಲು ಆಗುತ್ತಿರಲಿಲ್ಲ.

ಇದನ್ನು ಮೊದಲು ಓದು, ಉಳಿದದ್ದು ಆಮೇಲೆ. ನೀನು ಫೋನ್ ಇಟ್ಟಿದ್ದರೂ, ಎದ್ದು ಬನ್ನಿ ಎಂದು ಕೂಗಿದ್ದರೂ ಭಾವನಿಗೆ ಹೊರಗೆ ಬರಲು ಆಗುತ್ತಿರಲಿಲ್ಲ. ಮೊದಲ ಅಲೆಗೇ ಬಾಗಿಲು ಸಿಕ್ಕಿಕೊಂಡಿತ್ತು.

ಗೋಡೆಯನ್ನು ಬಾಗುವ ಹಾಗೆ ಮಾಡಿದ್ದರು. ಬಾಗಿಲನ್ನು ಮಾತ್ರ ನೀರು ನುಗ್ಗಬಾರದೆಂದು ದಪ್ಪ ಉಕ್ಕಿನದು ಮಾಡಿದ್ದರು, ಅದು ಬಾಗುವುದಿಲ್ಲ. ಮೊದಲ ಅಲೆಗೆ ಇಡೀ ಕ್ಯಾಬಿನ್ ಹಿಂದಕ್ಕೆ ವಾಲಿತು. ಗೋಡೆ ಮತ್ತೆ ನೆಟ್ಟಗಾಯಿತು. ಆದರೆ ಬುಡದ ಬೋಲ್ಟುಗಳು ಜಾರಿದ್ದರಿಂದ ಬಾಗಿಲ ಚೌಕಟ್ಟು ಓರೆಯಾಗಿಯೇ ಉಳಿಯಿತು. ಒಂದು ಬೆರಳಿನಷ್ಟು ಓರೆ. ಅಷ್ಟು ಸಾಕು. ಹೊರಗಿನಿಂದ ನೋಡಿದವರಿಗೆ ಕ್ಯಾಬಿನ್ ಸರಿಯಾಗಿಯೇ ನಿಂತಿದೆ ಅನ್ನಿಸುತ್ತದೆ. ಎರಡನೆಯ ಅಲೆ ಮೊದಲಿನದಕ್ಕಿಂತ ಚಿಕ್ಕದು. ಆದರೆ ಬುಡ ಸಡಿಲವಾಗಿತ್ತು.

ಇದು ನನಗೆ ಜನವರಿಯಲ್ಲೇ ಗೊತ್ತಿತ್ತು. ನೀರಿನಿಂದ ಎತ್ತಿದ ಗೋಡೆಯಲ್ಲಿ ಎರಡು ಮಡಿಕೆಗಳಿವೆ, ಕಾಗದ ಮಡಿಸಿದ ಗೆರೆಯ ಹಾಗೆ, ನಡುವೆ ಒಂದು, ಬುಡದಲ್ಲಿ ಒಂದು. ಒಂದೇ ಅಲೆಯಿಂದ ಗೋಡೆ ಮುರಿಯುವ ಹಾಗೆ ಮಾಡಬಹುದು, ಅಲೆಯನ್ನು ಎತ್ತರ ಮಾಡುತ್ತ ಹೋದರಾಯಿತು. ಆದರೆ ಆ ಎರಡು ಮಡಿಕೆ ಬರುವುದಿಲ್ಲ. ಎರಡು ಅಲೆ ಬಿಟ್ಟಾಗ ಎರಡೂ ಇದ್ದ ಜಾಗದಲ್ಲೇ ಬಂದವು. ಕಡಲಲ್ಲಿ ಅಲೆ ಅಳೆಯುವ ಯಂತ್ರದ ದಾಖಲೆಯಲ್ಲೂ ಎರಡಿವೆ. ಅವುಗಳ ನಡುವೆ ಹಾಲು ಕಾಯಿಸಿ ಇಳಿಸುವಷ್ಟು ಹೊತ್ತಿದೆ.

ಆ ಹೊತ್ತನ್ನು ನಿನಗೆ ಹೇಗೆ ಹೇಳಲಿ? ಒಂದೇ ಅಲೆ ಎಂದು ಎಲ್ಲರಿಗೂ ಬೇಕಾಗಿತ್ತು, ಕಟ್ಟಿದವರಿಗೆ, ಬಂದರಿನವರಿಗೆ. ನಿನಗೂ ಅದೇ ಒಳ್ಳೆಯದು ಎಂದು ನಾನು ತೀರ್ಮಾನಿಸಿಬಿಟ್ಟೆ. ಉಳಿದ ನಾಲ್ಕು ಕ್ಯಾಬಿನ್ನುಗಳನ್ನು ಆ ಸಾಲಿನಲ್ಲಿ ಬರೆಯುವಾಗ ಅವು ನನಗೆ ಬರೀ ನಾಲ್ಕು ಎಂಬ ಸಂಖ್ಯೆಯಾಗಿದ್ದವು.

ನಾನು ಇಷ್ಟು ತಿಂಗಳೂ ಆ ಹೊತ್ತಿನಲ್ಲಿ ಭಾವ ಬಾಗಿಲು ಬಡಿಯುತ್ತಿದ್ದಾರೆ ಎಂದುಕೊಂಡಿದ್ದೆ. ಪ್ರತಿ ಸಲ ಪರದೆಯ ಮೇಲೆ ಎರಡು ಅಲೆಗಳ ನಡುವೆ ನೀರು ಸುಮ್ಮನಾದಾಗ ಅದೇ ಕಾಣುತ್ತಿತ್ತು. ಅವರು ನಿನ್ನ ಜೊತೆ ನಲ್ಲಿಯ ಮಾತಾಡುತ್ತಿದ್ದರು.

ವರದಿಗೆ ನಾನು ಇನ್ನೂ ಸಹಿ ಹಾಕಿಲ್ಲ. ನಾಳೆ ಮೇಡಂಗೆ ಎಲ್ಲ ಹೇಳುತ್ತೇನೆ.

ತಂಗಿ

———

4 ಏಪ್ರಿಲ್

ಅಕ್ಕಾ,

ನಿನ್ನಿಂದ ಕಾಗದವಿಲ್ಲ. ಪಕ್ಕದ ಮನೆಯವರಿಗೆ ಫೋನ್ ಮಾಡಿದ್ದೆ. ನೀನು ಅಂಗಡಿಗೆ ಹೋಗುತ್ತಿದ್ದೀಯ, ನೋಡಿದರೆ ನಗುತ್ತೀಯ ಎಂದರು. ನೀನು ನಗುತ್ತೀಯ ಎಂದದ್ದಕ್ಕೇ ನನಗೆ ಹೆದರಿಕೆ.

ಇಲ್ಲಿನದು ಹೇಳುತ್ತೇನೆ. ಮೇಡಂ ನಾನು ಹೇಳಿದ್ದನ್ನೆಲ್ಲ ಕೇಳಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೊದಲ ದಿನವೇ ಹೇಳ್ಬೇಕಿತ್ತು. ಈಗ ನಿನ್ನ ಲೆಕ್ಕ ಎಷ್ಟೇ ಸರಿ ಇದ್ರೂ ಲೆಕ್ಕಕ್ಕಿಲ್ಲ" ಎಂದರು. ಸತ್ತವರ ಸಂಬಂಧಿಯೇ ಮಾಡಿದ ಲೆಕ್ಕವನ್ನು ವಿಚಾರಣೆಯಲ್ಲಿ ಯಾರೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ನಾನು ಮಾಡಿದ್ದೆಲ್ಲವನ್ನೂ ಬೇರೆ ಡಿಸ್ಕಿಗೆ ಹಾಕಿ ಬೀಗ ಹಾಕಿದರು. ಕಡತ ಎದುರು ಮೇಜಿನವನಿಗೆ ಹೋಯಿತು. ನನ್ನದನ್ನು ಅವನು ನೋಡಬಾರದು, ನಾನು ಅವನಿಗೆ ಒಂದು ಮಾತೂ ಹೇಳಬಾರದು. ಅವನು ಮೊದಲಿನಿಂದ ಹನಿ ಎಣಿಸುತ್ತಿದ್ದಾನೆ.

ನಾವಿಬ್ಬರೂ ಎದುರುಬದುರು ಕೂತು ಮಾತಾಡುವುದಿಲ್ಲ. ಮೊನ್ನೆ ಅವನು ಬಿಸ್ಕತ್ತನ್ನು ಬಾಯಿಗೆ ಇಡಲು ಹೋದವನು ಹಾಗೇ ನಿಲ್ಲಿಸಿ ಪರದೆ ನೋಡುತ್ತಿದ್ದ. ತುಂಬ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ನೋಡಿ ತಕ್ಷಣ ಕಣ್ಣು ತಿರುಗಿಸಿದ. ಅವನಿಗೂ ಎರಡು ಮಡಿಕೆ ಬಂದಿರಬೇಕು.

ನಾನು ಬರಲಾ? ಬೇಡ ಎಂದಾದರೂ ಬರಿ.

ತಂಗಿ

———

22 ಏಪ್ರಿಲ್

ಕೊಕ್ಕರೇ,

ಬರಬೇಡ, ನಾನು ಚೆನ್ನಾಗಿದ್ದೇನೆ. ಚೆನ್ನಾಗಿ ಅಂದರೆ ಇದ್ದೇನೆ.

ನಿನ್ನ ಕಾಗದ ಓದಿ ಮೊದಲು ಅವರ ಮೇಲೆ ಕೋಪ ಬಂತು. ಬಾಗಿಲು ಸಿಕ್ಕಿಕೊಂಡಿದೆ ಎಂದು ಒಂದು ಮಾತು ಹೇಳಲಿಲ್ಲವಲ್ಲ. ಕಾಲುಚೀಲ ಒದ್ದೆಯಾಯಿತು ಎಂದು ಹೇಳಲು ಬಾಯಿ ಬಂತು, ಇದಕ್ಕೆ ಬರಲಿಲ್ಲ. ಅವರ ಫೋಟೋವನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ಅತ್ತೆ ಸರಿ ಮಾಡಿಟ್ಟರು. ಮರುದಿನ ಮತ್ತೆ ತಿರುಗಿಸಿದೆ. ಹೀಗೇ ನಾಲ್ಕೈದು ದಿನ ನಮ್ಮಿಬ್ಬರ ನಡುವೆ ನಡೆಯಿತು. ಆಮೇಲೆ ನನಗೇ ಸಾಕಾಯಿತು.

ನಿನ್ನ ಮೇಲೂ ಕೋಪ ಬರಬೇಕಿತ್ತು. ಬರಲಿಲ್ಲ. ಆದರೆ ಇನ್ನು ಮುಂದೆ ನನಗೆ ಯಾವುದು ಒಳ್ಳೆಯದು ಎಂದು ನೀನು ಒಬ್ಬಳೇ ಕೂತು ತೀರ್ಮಾನಿಸಬೇಡ.

ವಿಚಾರಣೆಗೆ ಬರಬೇಕೆಂದು ನನಗೂ ಕರೆ ಬಂದಿದೆ. ಹೋಗುತ್ತೇನೆ. ಫೋನ್ ಬಂದದ್ದನ್ನು ಹೇಳುತ್ತೇನೆ.

ಅಕ್ಕ

———

30 ಮೇ

ಕೊಕ್ಕರೇ,

ವಿಚಾರಣೆ ಮುಗಿಯಿತು. ನಿನ್ನನ್ನು ಒಳಗೆ ಬಿಡುವುದಿಲ್ಲ ಎಂದು ನೀನು ಬರಲಿಲ್ಲ, ಅದಕ್ಕೆ ನಡೆದದ್ದನ್ನು ಬರೆಯುತ್ತೇನೆ.

ಉದ್ದ ಮೇಜು, ಮೂವರು ಕೂತಿದ್ದರು, ಪ್ರತಿಯೊಬ್ಬರ ಮುಂದೆ ಒಂದು ನೀರಿನ ಬಾಟಲಿ. ನಿಮ್ಮ ಬಿಸ್ಕತ್ತಿನವನು ಬಂದಿದ್ದ. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕ ವಯಸ್ಸು. ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದ. ನೀನು ಹೇಳಿದ ಹಾಗೇ ಇತ್ತು, ನೀಲಿ ನೀರು, ಬೂದು ಗೋಡೆ. ನಾನು ಕಣ್ಣು ಮುಚ್ಚಿಕೊಳ್ಳಲಿಲ್ಲ. ಒಳಗೆ ಯಾರೂ ಇರಲಿಲ್ಲ. ಎರಡು ಅಲೆಗಳ ನಡುವಿನ ಹೊತ್ತನ್ನು ಅವನು ಓಡಿಸಿ ಮುಂದೆ ಹೋದ. ಅಲ್ಲಿ ನೋಡುವಂಥದ್ದು ಏನೂ ಇಲ್ಲ ಎಂದ.

ಆಮೇಲೆ ನನ್ನನ್ನು ಕರೆದರು. ಫೋನಿನ ವಿಷಯ ಹೇಳಿದೆ, ನಲ್ಲಿಯ ಮಾತನ್ನೂ ಬಿಡಲಿಲ್ಲ. ಕಟ್ಟಿದವರ ಕಡೆಯ ವಕೀಲರು, ಬಾಗಿಲು ಸಿಕ್ಕಿಕೊಂಡಿದ್ದರೆ ನಿಮ್ಮ ಯಜಮಾನರು ಅದನ್ನು ನಿಮಗೆ ಹೇಳದೆ ಇರುತ್ತಿದ್ದರೇ ಎಂದು ಕೇಳಿದರು. ಮೆತ್ತಗೇ ಕೇಳಿದರು, ಕೆಟ್ಟವರಲ್ಲ.

"ನೀವಾಗಿದ್ರೆ ನಿಮ್ಮ ಮನೆಯವರಿಗೆ ಹೇಳ್ತಿದ್ರಾ?" ಅಂದೆ.

ಅವರು ಕಾಗದ ಮಗುಚಿದರು. ಹೋಗಿ ಕೂತರು.

ಆಗ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ನಮ್ಮ ಮನೆಗೆ ಬಂದು ಡಬ್ಬಿ ಕೊಟ್ಟ ಅದೇ ಹಿರಿಯವರು. ಅವರ ಸರದಿ ಬಂದಿರಲಿಲ್ಲ, ಆದರೂ ಎದ್ದರು. ನನಗೆ ಮಾಡುವ ಮೊದಲು ನಿನ್ನ ಭಾವ ಆಫೀಸಿಗೆ ಫೋನ್ ಮಾಡಿದ್ದರಂತೆ. ಎತ್ತಿದ್ದು ಇವರೇ.

"ಬಾಗಿಲು ಕಚ್ಕೊಂಡಿದೆ ಸಾರ್, ಒಳಗಿಂದ ಬರ್ತಾ ಇಲ್ಲ ಅಂದ್ರು. ಜನ ಕಳಿಸ್ತೀನಿ ಅಂದೆ. ಈಗ ಬೇಡ, ಅಲೆ ಗೋಡೆ ದಾಟಿ ಬರ್ತಿದೆ, ಯಾರನ್ನೂ ಈ ಕಡೆ ಬಿಡಬೇಡಿ, ಇಳಿದ ಮೇಲೆ ಕಳಿಸಿ ಅಂದ್ರು. ನಾನು ಸರಿ ಅಂತ ಫೋನ್ ಇಟ್ಟೆ. ಯಾರನ್ನೂ ಕಳಿಸ್ಲಿಲ್ಲ."

ಇದನ್ನು ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಮೇಜಿನವರು ಕೇಳಿದರು. ಅವರು ನನ್ನ ಕಡೆ ನೋಡಿದರು. ಹೇಳಿದರೆ ನನಗೆ ನೋವಾಗುತ್ತದೆ ಎಂದು ಇವರೂ ಅಂದುಕೊಂಡಿರಬೇಕು, ಅಥವಾ ಕೆಲಸ ಹೋಗುತ್ತದೆ ಎಂದು. ಎರಡೂ ಇರಬಹುದು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಅವರು ಬಂದು ಪಕ್ಕದಲ್ಲಿ ಕೂತರು. ಬಸ್ಸು ಬಂತು, ನಾನು ಹತ್ತಿದೆ.

ಅಕ್ಕ

———

20 ಜುಲೈ

ಅಕ್ಕಾ,

ತೀರ್ಮಾನದ ಪ್ರತಿ ನಿನಗೂ ಬಂದಿರುತ್ತದೆ. ಇಲ್ಲಿಗೆ ನಿನ್ನೆ ಬಂತು. ಗಾಳಿಯ ಕಾಲ ಶುರುವಾಗುವ ಮೊದಲೇ ನಾಲ್ಕೂ ಕ್ಯಾಬಿನ್ನುಗಳಿಂದ ಜನರನ್ನು ಇಳಿಸಿದ್ದಾರೆ. ಬಾಗಿಲಿನ ಹೊರತಾಗಿ ಹಿಂಬದಿಯಲ್ಲಿ ಒದ್ದರೆ ಕಳಚಿಬೀಳುವ ಒಂದು ಹಲಗೆ ಇರಲೇಬೇಕು, ಬುಡದ ಬೋಲ್ಟು ಬದಲಿಸಲೇಬೇಕು, ಅಲ್ಲಿಯವರೆಗೆ ಯಾರೂ ಕೂರುವ ಹಾಗಿಲ್ಲ. ವರದಿಯ ಕೆಳಗೆ ಎದುರು ಮೇಜಿನವನ ಸಹಿ ಇದೆ. ನನ್ನ ಹೆಸರು ಎಲ್ಲೂ ಇಲ್ಲ. ನಿಮ್ಮ ಮನೆ ನಿಮಗೇ ಉಳಿಯಿತಲ್ಲ, ಸಾಕು.

ನನಗೆ ಒಂದು ಎಚ್ಚರಿಕೆಯ ಪತ್ರ ಕೊಟ್ಟರು. ಕೆಲಸ ಹೋಗಲಿಲ್ಲ. ಈಗ ಕಡಲಲ್ಲಿ ಮೀನು ಸಾಕುವ ಬಲೆಗಳಿಗೆ ಅಲೆ ಹೇಗೆ ತಾಗುತ್ತದೆ ಎಂದು ನೋಡುತ್ತಿದ್ದೇನೆ. ಮೀನುಗಳನ್ನೂ ನಾವು ಒಳಗೆ ಬಿಡುವುದಿಲ್ಲ, ಬರೀ ಬಲೆ.

ನಿನ್ನಿಂದ ಮುಚ್ಚಿಟ್ಟದ್ದು ಇನ್ನೊಂದಿದೆ. ಡಿಸೆಂಬರಿನಲ್ಲಿ ನೀನು ಕೇಳಿದ್ದನ್ನು ಆಗುವುದಿಲ್ಲ ಎಂದು ಬರೆದೆ. ಆಗುತ್ತಿತ್ತು. ಆ ವಾರವೇ ಮಾಡಿದ್ದೆ. ಕುರ್ಚಿಯನ್ನು ಕಿಟಕಿಗೆ ಓರೆಯಾಗಿ ಹಾಕಿದೆ, ಎಡಗಾಲು ಮಡಿಚಿದೆ. ತೂಕವನ್ನು ಅಂದಾಜಿನಲ್ಲಿ ಹಾಕಿದೆ. ಬೂದು ಬಣ್ಣದ ಒಂದು ಆಕಾರ, ಮುಖವಿಲ್ಲ, ಆದರೂ ಕೂತ ರೀತಿ ಭಾವನದೇ. ಅಲೆ ಬಿಡುವ ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದೆ. ಒತ್ತಲಿಲ್ಲ. ಸಂಜೆ ಎಲ್ಲರೂ ಮನೆಗೆ ಹೊರಡುವ ಹೊತ್ತಿಗೆ ಅಳಿಸಿಹಾಕಿದೆ.

ಮುಂದಿನ ತಿಂಗಳ ಕೊನೆಗೆ ರಜೆ ಹಾಕುತ್ತೇನೆ. ನಿಜವಾದ ರಜೆ.

ತಂಗಿ

———

14 ಸೆಪ್ಟೆಂಬರ್

ಕೊಕ್ಕರೇ,

ನೀನು ಬಂದುಹೋದ ಮೇಲೆ ಮನೆ ಎರಡು ದಿನ ಜಾಸ್ತಿ ಖಾಲಿ ಅನ್ನಿಸಿತು, ಈಗ ಮೊದಲಿನ ಖಾಲಿಗೆ ಬಂದಿದೆ. ನೀನು ಇನ್ನೂ ದಪ್ಪ ಆಗಬೇಕು ಎಂದು ಅತ್ತೆ ಹೇಳಲು ಹೇಳಿದ್ದಾರೆ.

ಇಲ್ಲಿ ಹೊಸ ಕ್ಯಾಬಿನ್ ನಿಲ್ಲಿಸಿದ್ದಾರೆ. ಬಂದರಿನಿಂದ ಆ ಹಿರಿಯವರು ಬಂದು, "ನೋಡೋದಾದ್ರೆ ಬನ್ನಿ, ಬಲವಂತ ಇಲ್ಲ" ಎಂದರು. ಅತ್ತೆಯೂ ಹೊರಟರು. ಕಲ್ಲುಗೋಡೆಯ ಮೇಲೆ ಅವರನ್ನು ಕೈ ಹಿಡಿದು ನಡೆಸಿಕೊಂಡು ಹೋಗುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಕಡಲು ತಟ್ಟೆಯಲ್ಲಿಟ್ಟ ನೀರಿನ ಹಾಗಿತ್ತು.

ಕ್ಯಾಬಿನ್ನಿನಲ್ಲಿ ಹೊಸಬರೊಬ್ಬರು ಇದ್ದರು, ದಪ್ಪ ಕನ್ನಡಕ, ನಮ್ಮನ್ನು ನೋಡಿ ಎದ್ದು ನಿಂತು ಕುರ್ಚಿ ಒರೆಸಿದರು. ಹಿಂದಿನ ಗೋಡೆಯ ಹಲಗೆಯನ್ನು ತೋರಿಸಿದರು. ಸುತ್ತ ಹಳದಿ ಗೆರೆ ಎಳೆದಿದ್ದಾರೆ. ಒದ್ದರೆ ಬೀಳುತ್ತದಂತೆ. ಒದ್ದು ನೋಡಿದ್ದೀರಾ ಎಂದು ಕೇಳಿದೆ. ಇಲ್ಲ, ಮತ್ತೆ ಕೂರಿಸುವುದು ತಲೆನೋವು ಎಂದರು.

"ನಾನು ಒದೀಲಾ?" ಅಂದೆ.

ಅವರು ಹಿರಿಯವರ ಮುಖ ನೋಡಿದರು. ಹಿರಿಯವರು, "ಒದೀರಮ್ಮ" ಅಂದರು.

ಮೊದಲ ಸಲ ಬೀಳಲಿಲ್ಲ. ಚಪ್ಪಲಿ ಬಿಚ್ಚಿ, ಸೆರಗು ಸಿಕ್ಕಿಸಿಕೊಂಡು, ಹಿಮ್ಮಡಿಯಿಂದ ಒದ್ದೆ. ಹಲಗೆ ಹೊರಗೆ ಹಾರಿ ಕಲ್ಲುಗಳ ಮೇಲೆ ಬಿತ್ತು. ಎಂಥ ಸದ್ದು ಅಂದರೆ ಅತ್ತೆ ಕೂಡ "ಏನು ಬಿತ್ತು?" ಅಂದರು. ಗೋಡೆಯಲ್ಲಿ ಒಬ್ಬ ಮನುಷ್ಯ ಬಗ್ಗಿ ದಾಟುವಷ್ಟು ಬೆಳಕು ಕಂಡಿತು. ಹೊಸಬರು ಹೋಗಿ ಹಲಗೆ ತಂದು ಕೂರಿಸಿದರು. ಇನ್ನೊಂದು ಸಲ ಅಂದೆ. ಅವರು ಪಕ್ಕಕ್ಕೆ ಸರಿದರು. ಒದ್ದೆ, ಬಿತ್ತು. ತಂದು ಕೂರಿಸಿದರು. ಮತ್ತೆ ಒದ್ದೆ. ಎಷ್ಟು ಸಲವೋ ಗೊತ್ತಿಲ್ಲ. ಪ್ರತಿ ಸಲವೂ ಬಿತ್ತು. ಕೊನೆಗೆ ಹಿರಿಯವರು, "ಸಾಕಮ್ಮ, ಕಳಚ್ಕೊಂಡು ಬರುತ್ತೆ, ಗೊತ್ತಾಯ್ತಲ್ಲ" ಎಂದರು. ಗೊತ್ತಾಯಿತು ಅಂದೆ.

ಮನೆಗೆ ಬಂದು ನೋಡಿದರೆ ಪಾದ ಊದಿಕೊಂಡಿದೆ, ಹಿಮ್ಮಡಿ ನೆಲಕ್ಕೆ ಊರಲು ಆಗುತ್ತಿಲ್ಲ. ನೋಯುತ್ತಿದೆ ಕೊಕ್ಕರೆ, ಚೆನ್ನಾಗಿ ನೋಯುತ್ತಿದೆ. ಅತ್ತೆ ಬಕೆಟ್ಟಿನಲ್ಲಿ ಬಿಸಿನೀರು ತಂದಿಟ್ಟರು. ಅದರಲ್ಲಿ ಕಾಲಿಟ್ಟುಕೊಂಡು ಕೂತು, ಮೊದಲ ಸಲ ಅತ್ತುಬಿಟ್ಟೆ.

ಅಕ್ಕ